ಒಳಗಿನ ನಕಲುಗಾರ

"ಸರ್, ಒಳಗಿರೋದನ್ನ ಒಳಗೇ ನಕಲು ಮಾಡೋಕೆ ಅದನ್ನ ಯಾಕೆ ಹೊರಗೆ ತರಬೇಕು?"

ಕೇಳಿದವಳು ಸಿಂಚನಾ, ಕೊನೆಯ ವರ್ಷದ ವಿದ್ಯಾರ್ಥಿನಿ. ಕೇಳಿಸಿಕೊಂಡವರು ತಿಪ್ಪೇಸ್ವಾಮಿ ಮೇಷ್ಟ್ರು, ಆ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಆಪರೇಟಿಂಗ್ ಸಿಸ್ಟಮ್ ಪಾಠ ಹೇಳುತ್ತಿದ್ದವರು. ಕಾಲೇಜಿಗೆ ತನ್ನದೇ ಆದ ಒಂದು ಪುಟ್ಟ ಕರ್ನಲ್ ಇತ್ತು. ವಿದ್ಯಾರ್ಥಿಗಳೇ ವರ್ಷದಿಂದ ವರ್ಷಕ್ಕೆ ಬರೆದು ಬೆಳೆಸಿದ್ದು. ಅದಕ್ಕೊಂದು ಹೊಸ ಸಿಸ್ಟಮ್ ಕಾಲ್ ಸೇರಬೇಕಾದರೆ ಮೇಷ್ಟ್ರು ಒಪ್ಪಬೇಕು. ಆ ಕರ್ನಲ್ ಹುಟ್ಟಿದ ಹನ್ನೆರಡು ವರ್ಷಗಳಲ್ಲಿ ಅವರು ಒಪ್ಪಿದ್ದು ನಾಲ್ಕಕ್ಕೆ ಮಾತ್ರ.

ಈ ವಿದ್ಯೆ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಮೂ ಡಿಸ್ಕನ್ನು ತಾನೇ ಮುಟ್ಟುವಂತಿಲ್ಲ. ಏನು ಬೇಕಾದರೂ ಕರ್ನಲ್ ಎಂಬ ಒಳಗಿನ ಯಜಮಾನನನ್ನು ಕೇಳಬೇಕು. ಹಾಗೆ ಕೇಳುವ ಒಂದೊಂದು ಬಗೆಯ ಕೋರಿಕೆಗೂ ಸಿಸ್ಟಮ್ ಕಾಲ್ ಎಂದು ಹೆಸರು. ಒಂದು ಫೈಲಿನ ನಕಲು ಬೇಕಾದ ಪ್ರೋಗ್ರಾಮು ಮೊದಲು 'ಒಂದು ತುಣುಕು ಓದಿ ಕೊಡು' ಎನ್ನುತ್ತದೆ. ಬಂದ ತುಣುಕನ್ನು ಮತ್ತೆ ಒಳಗೆ ಕೊಟ್ಟು 'ಇದನ್ನು ಅಲ್ಲಿ ಬರೆ' ಎನ್ನುತ್ತದೆ. ಫೈಲು ಮುಗಿಯುವ ತನಕ ಇದೇ ಓಡಾಟ. ಸಿಂಚನಾ ಬರೆದ ಹೊಸ ಕಾಲ್‌ನಲ್ಲಿ ಈ ಓಡಾಟವಿಲ್ಲ. ಎರಡು ಹೆಸರು ಹೇಳಿದರೆ ಕರ್ನಲ್ ಒಳಗೇ ನಕಲು ಮಾಡಿ 'ಆಯಿತು' ಎನ್ನುತ್ತದೆ.

ಅದು ಅವಳ ಮೂರು ತಿಂಗಳ ಕೆಲಸ. ಹಳೆಯ ದಾರಿಗಿಂತ ಒಂಬತ್ತು ಪಟ್ಟು ವೇಗ. ಅವತ್ತು ಸಂಜೆಯೊಳಗೆ ಮೇಷ್ಟ್ರು ಹ್ಞೂಂ ಅಂದರೆ ಅದು ಕರ್ನಲ್ ಸೇರಿ, ಅದೇ ಕರ್ನಲ್ ಬಳಸುವ ಇನ್ನೆರಡು ಕಾಲೇಜುಗಳಿಗೂ ಹೋಗುತ್ತಿತ್ತು. ಒಮ್ಮೆ ಹೋದದ್ದನ್ನು ವಾಪಸು ತೆಗೆಯುವಂತಿಲ್ಲ, ಯಾಕೆಂದರೆ ಮರುದಿನದಿಂದಲೇ ಅದನ್ನು ನಂಬಿ ಯಾರೋ ಪ್ರೋಗ್ರಾಮ್ ಬರೆಯಲು ಶುರು ಮಾಡುತ್ತಾರೆ. ಮೇಷ್ಟ್ರು ಉಹುಂ ಅಂದರೆ ಮೂರು ತಿಂಗಳೂ ನೀರಿನಲ್ಲಿ ಹೋಮ.

ಅವಳ ಕೋಡನ್ನು ಮೇಷ್ಟ್ರು ಬೆಳಿಗ್ಗೆಯೇ ಓದಿದ್ದರು. ಎರಡು ಸಲ ಓದಿದ್ದರು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. "ಕೂತ್ಕೊ" ಎಂದರು. ಅವಳು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಂದು ಗ್ರಂಥಭಂಡಾರ ಇತ್ತು. ಅದರ ತುಂಬ ಓಲೆಗರಿಯ ಕಟ್ಟುಗಳು. ಒಳಗೆ ಕಾಲಿಡಲು ಅಪ್ಪಣೆಯಿದ್ದದ್ದು ಭಂಡಾರಿಗೆ ಮಾತ್ರ. ಬೇರೆ ಯಾರೇ ಬರಲಿ, ಸೀಮೆಯ ಪಾಳೆಯಗಾರನೇ ಬರಲಿ, ಕಿಟಕಿಯ ಹೊರಗೆ ನಿಂತು ಕೇಳಬೇಕು.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಹಿಂದೊಂದು ಕಾಲದಲ್ಲಿ ಎಲ್ಲರನ್ನೂ ಒಳಗೆ ಬಿಡುತ್ತಿದ್ದರು. ಒಬ್ಬ ಇನ್ನೊಬ್ಬನ ಕಟ್ಟು ಬಿಚ್ಚಿದ. ಮತ್ತೊಬ್ಬ ಗರಿಗಳನ್ನು ಅದಲು ಬದಲು ಮಾಡಿ ಕಟ್ಟಿಟ್ಟ. ವೈದ್ಯದ ಗ್ರಂಥದ ನಡುವೆ ಅಡುಗೆಯ ಗ್ರಂಥದ ನಾಲ್ಕು ಗರಿ ಸೇರಿಕೊಂಡು, ಒಬ್ಬ ಪಂಡಿತ ಜ್ವರದ ರೋಗಿಗೆ ಇಂಗಿನ ಒಗ್ಗರಣೆ ಕುಡಿಸಿದನಂತೆ. ರೋಗಿ ಬದುಕಿದ ಎನ್ನುತ್ತಾರೆ, ನನಗೆ ನಂಬಿಕೆಯಿಲ್ಲ. ಅಂತೂ ಅಂದಿನಿಂದ ಬಾಗಿಲು ಮುಚ್ಚಿ ಕಿಟಕಿ ಇಟ್ಟರು.

ಗ್ರಂಥದ ನಕಲು ಬೇಕಾದವರು ತಮ್ಮ ಲಿಪಿಕಾರನನ್ನು ಕರೆತಂದು ಕಿಟಕಿಯ ಹೊರಗೆ ಕೂರಿಸುತ್ತಿದ್ದರು. ಲಿಪಿಕಾರ ಗ್ರಂಥದ ಹೆಸರು ಹೇಳಿ ಮೊದಲನೆಯ ಗರಿ ಕೇಳುತ್ತಿದ್ದ. ಭಂಡಾರಿ ಒಳಗಿನಿಂದ ತಂದು ಕೊಡುತ್ತಿದ್ದ. ಲಿಪಿಕಾರ ಅದನ್ನು ನೋಡಿ ಇನ್ನೊಂದು ಗರಿಯ ಮೇಲೆ ಬರೆದು, ಎರಡನ್ನೂ ಒಳಗೆ ಕೊಟ್ಟು, ಎರಡನೆಯ ಗರಿ ಕೇಳುತ್ತಿದ್ದ. ಭಂಡಾರಿ ಹಳೆಯದನ್ನು ಅದರ ಜಾಗದಲ್ಲಿಟ್ಟು ಹೊಸದನ್ನು ಹೊಸ ಕಟ್ಟಿಗೆ ಸೇರಿಸುತ್ತಿದ್ದ. ಎಲ್ಲ ಮುಗಿದ ಮೇಲೆ ಎರಡು ಮರದ ಹಲಗೆಗಳ ನಡುವೆ ಗರಿಗಳನ್ನಿಟ್ಟು, ದಾರ ಬಿಗಿದು, ಅರಗಿನ ಮುದ್ರೆ ಒತ್ತಿ ಹೊರಗೆ ಕೊಡುತ್ತಿದ್ದ. ಮುದ್ರೆ ಬಿದ್ದ ಕಟ್ಟನ್ನು ಆ ಸೀಮೆಯಲ್ಲಿ ಯಾರೂ ಅನುಮಾನಿಸುತ್ತಿರಲಿಲ್ಲ.

ಒಟ್ಟು ಎಷ್ಟು ಗರಿ ಇದೆ ಎಂದು ಲಿಪಿಕಾರರು ಯಾವತ್ತೂ ಕೇಳುತ್ತಿರಲಿಲ್ಲ. ಒಳಗಿನಿಂದ 'ಇನ್ನಿಲ್ಲ' ಎಂಬ ಮಾತು ಬರುವ ತನಕ ಕೈ ಚಾಚುತ್ತಲೇ ಇರುತ್ತಿದ್ದರು.

ಒಬ್ಬ ವ್ಯಾಪಾರಿ ಒಂದು ದೊಡ್ಡ ಗ್ರಂಥದ ನಕಲಿಗಾಗಿ ಬಂದ. ಮುನ್ನೂರು ಗರಿಯ ಗ್ರಂಥ. ತಿಂಗಳಾದರೂ ಕೆಲಸ ಅರ್ಧಕ್ಕೇ ನಿಂತಿತ್ತು. ಅವನು ಕಿಟಕಿಯ ಬಳಿ ಬಂದು ಭಂಡಾರಿಯನ್ನು ಕೇಳಿದ.

"ಸ್ವಾಮಿ, ಬರೆದ ಗರಿ ನಿಮ್ಮ ಹತ್ರಾನೇ ಇದೆ. ಬರೀಬೇಕಾದ ಖಾಲಿ ಗರೀನೂ ನಿಮ್ಮ ಹತ್ರಾನೇ ಇದೆ. ನಡುವೆ ನನ್ನ ಲಿಪಿಕಾರ ಬಿಸಿಲಲ್ಲಿ ಯಾಕೆ ಕೂತಿರಬೇಕು?"

ಪ್ರಶ್ನೆ ನಿನ್ನದೇ, ನೋಡು. ಒಳ್ಳೆಯ ಪ್ರಶ್ನೆ. ಭಂಡಾರಿ ಎಷ್ಟು ತಲೆ ಕೆರೆದುಕೊಂಡರೂ ಅದಕ್ಕೆ ಉತ್ತರ ಹೊಳೆಯಲಿಲ್ಲ. ಪಾಳೆಯಗಾರನ ಒಪ್ಪಿಗೆ ಪಡೆದು ಭಂಡಾರದ ಒಳಗೇ ಒಬ್ಬ ನಕಲುಗಾರನನ್ನು ನೇಮಿಸಿದ. ದುಂಡಗಿನ ಅಕ್ಷರದವನು, ಮೈಗಳ್ಳನಲ್ಲ, ಸುಳ್ಳು ಹೇಳಿ ಗೊತ್ತಿಲ್ಲದವನು. ಅಂಥವನೇ ಬೇಕೆಂದು ಹುಡುಕಿ ತಂದದ್ದು.

ಆಮೇಲಿನ ಏರ್ಪಾಡು ಬಹಳ ಸರಳ. ಯಾವ ಗ್ರಂಥ, ಹೊಸ ಕಟ್ಟಿಗೆ ಏನು ಹೆಸರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಒಳಗೆ ಕೊಟ್ಟರಾಯಿತು. ಭಂಡಾರಿ ಚೀಟಿಯನ್ನು ನಕಲುಗಾರನ ಕೈಗೆ ದಾಟಿಸಿ ಮುಂದಿನವರನ್ನು ಕರೆಯುತ್ತಿದ್ದ. ಪ್ರತಿ ಗ್ರಂಥದ ಹಲಗೆಯ ಮೇಲೆ ಎಷ್ಟು ಗರಿ ಎಂದು ಕೊರೆದಿರುತ್ತಿತ್ತು. ನಕಲುಗಾರ ಅದನ್ನು ನೋಡಿ, ಅಷ್ಟು ಖಾಲಿ ಗರಿ ಎಣಿಸಿಕೊಂಡು, ತಲೆ ಎತ್ತದೆ ಬರೆದು, ಕಟ್ಟಿ, ಮುದ್ರೆ ಒತ್ತಿ, 'ಆಯಿತು' ಎನ್ನುತ್ತಿದ್ದ. ಮುನ್ನೂರು ಗರಿ ಎಂಟು ದಿನದಲ್ಲಿ ಮುಗಿಯಿತು. ಕಿಟಕಿಯ ಮುಂದಿನ ಸಾಲು ಕರಗಿತು. ವ್ಯಾಪಾರಿ ಹೋದಲ್ಲೆಲ್ಲ ಈ ಏರ್ಪಾಡನ್ನು ಹೊಗಳಿದ. ಹೊಗಳುವಂಥದ್ದೇ ಅದು, ನನಗೂ ಅದರ ಮೇಲೆ ಹೊಟ್ಟೆಕಿಚ್ಚಿದೆ.

ನಕಲುಗಾರ ಇನ್ನೂ ಒಂದು ಉಪಾಯ ಕಂಡುಹಿಡಿದ. ಕೆಲವರು ನಕಲು ಮಾಡಿಸಿ ಭಂಡಾರದಲ್ಲೇ ಇಡಿಸುತ್ತಿದ್ದರು. ಅಂಥ ನಕಲನ್ನು ಅವನು ಬರೆಯುವುದನ್ನೇ ಬಿಟ್ಟ. ಒಂದೇ ಕಟ್ಟಿಗೆ ಎರಡು ಹೆಸರಿನ ಎರಡು ದಾರ ಕಟ್ಟಿದ. ಯಾರು ಯಾವ ಹೆಸರಿನಿಂದ ಕೇಳಿದರೂ ಅದೇ ಗರಿಗಳನ್ನು ತೋರಿಸುತ್ತಿದ್ದ. ಇಬ್ಬರಲ್ಲಿ ಒಬ್ಬನು ಒಂದು ಗರಿಯನ್ನು ತಿದ್ದಬೇಕು ಎಂದಾಗ ಮಾತ್ರ, ಆ ಒಂದೇ ಗರಿಯನ್ನು ಬೇರೆಯಾಗಿ ಬರೆದುಕೊಡುತ್ತಿದ್ದ.

ಸಿಂಚನಾಳಿಗೆ ತಡೆಯಲಾಗಲಿಲ್ಲ. "ಅದನ್ನೂ ಮಾಡಿದೀನಿ ಸರ್! ನೋಡಿದ್ರಾ?"

"ನೋಡಿದೆ. ಚೆನ್ನಾಗಿದೆ. ನಿನ್ನ ವಯಸ್ಸಲ್ಲಿ ನನಗೆ ಅದು ಹೊಳೆದಿದ್ರೆ ನಾನು ಒಂದು ವಾರ ನೆಲದ ಮೇಲೆ ಕಾಲಿಡ್ತಿರಲಿಲ್ಲ. ಕತೆ ಇನ್ನೂ ಇದೆ."

ಆ ಭಂಡಾರದಲ್ಲಿ 'ಹೊಳೆಯ ಮಟ್ಟ' ಎಂಬ ಒಂದು ಗ್ರಂಥವಿತ್ತು. ಅದು ವಿಚಿತ್ರವಾದ ಗ್ರಂಥ. ಅದಕ್ಕೆ ಎರಡು ಹಲಗೆ ಇದ್ದವು, ದಾರವಿತ್ತು, ನಡುವೆ ಗರಿ ಇರಲಿಲ್ಲ. ಯಾರಾದರೂ ಬಂದು ಅದರ ಮೊದಲನೆಯ ಗರಿ ಕೇಳಿದರೆ ಭಂಡಾರಿ ಎದ್ದು ಹೋಗಿ ಹಿಂಬದಿಯ ಕಿಟಕಿ ತೆರೆಯುತ್ತಿದ್ದ. ಭಂಡಾರದ ಹಿಂದೆ ಕಡಿದಾದ ಬಂಡೆ, ಕೆಳಗೆ ಹೊಳೆ. ಬಂಡೆಯಲ್ಲಿ ಮೆಟ್ಟಿಲು ಕೊರೆದಿದ್ದರು. ಆ ಹೊತ್ತಿಗೆ ಎಷ್ಟು ಮೆಟ್ಟಿಲು ಮುಳುಗಿವೆಯೋ ಅಷ್ಟು ಗೀರನ್ನು ಒಂದು ಖಾಲಿ ಗರಿಯ ಮೇಲೆ ಎಳೆದು, ಇದೇ ಮೊದಲನೆಯ ಗರಿ ಎಂದು ತಂದು ಕೊಡುತ್ತಿದ್ದ. ಎರಡನೆಯದನ್ನು ಕೇಳಿದರೆ 'ಇನ್ನಿಲ್ಲ' ಎನ್ನುತ್ತಿದ್ದ.

ಅಂದರೆ ಕೇಳಿದಾಗ ಹುಟ್ಟುವ ಗರಿ. ಹೊರಗಿನ ಲಿಪಿಕಾರರಿಗೆ ಈ ಗುಟ್ಟು ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ಕೈ ಚಾಚಿದರೆ ಗರಿ ಬರುತ್ತಿತ್ತು.

ಈ ಗ್ರಂಥದ ನಕಲು ದಿನವೂ ಬೇಕಾಗಿದ್ದದ್ದು ಒಬ್ಬ ಅಂಬಿಗನಿಗೆ. ಭಂಡಾರದಿಂದ ಕೆಳಗೆ, ಹೊಳೆಯ ತಿರುವು ದಾಟಿದ ಮೇಲೆ, ಜನರನ್ನು ಹೊಳೆ ದಾಟಿಸುವ ಅವನ ಕಡವು. ಮೇಲೆ ಏರಿದ ನೀರು ಅಲ್ಲಿಗೆ ಮುಟ್ಟಲು ಎರಡು ಮೂರು ತಾಸು ಬೇಕು. ಬಂದಾಗ ಒಮ್ಮೆಲೇ ಬರುತ್ತಿತ್ತು. ಆದ್ದರಿಂದ ಅಂಬಿಗನ ಹೆಂಡತಿ ದಿನಾ ಬೆಳಿಗ್ಗೆ ಭಂಡಾರಕ್ಕೆ ಬಂದು, ಕಿಟಕಿಯ ಬಳಿ ಕೂತ ಒಬ್ಬ ಲಿಪಿಕಾರನಿಂದ ನಕಲು ಮಾಡಿಸಿ, ಮುದ್ರೆ ಹಾಕಿಸಿಕೊಂಡು ಹೋಗುತ್ತಿದ್ದಳು. ಗಂಡ ಹೆಂಡತಿ ಇಬ್ಬರಿಗೂ ಓದು ಬರದು. ಗೀರು ಎಣಿಸಲು ಓದು ಬೇಕಿಲ್ಲ. ಏಳು ಗೀರು ಇದ್ದರೆ ಅವತ್ತು ಹರಿಗೋಲು ನೀರಿಗಿಳಿಯುತ್ತಿರಲಿಲ್ಲ. ಕಡು ಬೇಸಿಗೆಯಲ್ಲಿ ಎಷ್ಟೋ ದಿನ ಒಂದೂ ಗೀರಿಲ್ಲದ ಬೋಳು ಗರಿ ಬರುತ್ತಿತ್ತು. ಒಂದು ಮೆಟ್ಟಿಲೂ ಮುಳುಗಿಲ್ಲ ಎಂದರ್ಥ.

ಒಳಗೆ ನಕಲುಗಾರ ಬಂದದ್ದು ಬೇಸಿಗೆಯಲ್ಲಿ. ಲಿಪಿಕಾರರು ಕಿಟಕಿ ಬಿಟ್ಟು ಬೇರೆ ಕೆಲಸ ಹುಡುಕಿಕೊಂಡು ಹೋದರು. ಅಂಬಿಗನ ಹೆಂಡತಿಯೂ ಎಲ್ಲರ ಹಾಗೆ ಚೀಟಿ ಬರೆಸಿ ಒಳಗೆ ಕೊಟ್ಟಳು. ನಕಲುಗಾರ 'ಹೊಳೆಯ ಮಟ್ಟ'ವನ್ನು ಕೈಗೆತ್ತಿಕೊಂಡು ಹಲಗೆ ನೋಡಿದ. 'ಗರಿ: ಇಲ್ಲ' ಎಂದು ಕೊರೆದಿತ್ತು. ಹಾಗಾದರೆ ಬರೆಯುವುದೇನೂ ಇಲ್ಲ. ಎರಡು ಹೊಸ ಹಲಗೆ ತೆಗೆದುಕೊಂಡ. ನಡುವೆ ಏನೂ ಇಡದೆ ದಾರ ಬಿಗಿದ. ಮುದ್ರೆ ಒತ್ತಿದ. 'ಆಯಿತು' ಎಂದ. ಅವನ ದೃಷ್ಟಿಯಲ್ಲಿ ಅದು ಆಗಿತ್ತು.

ಅಂಬಿಗ ಕಡವಿನಲ್ಲಿ ಕಟ್ಟು ಬಿಚ್ಚಿದ. ಹಲಗೆ ಎರಡು, ಗರಿ ಒಂದೂ ಇಲ್ಲ.

"ಏನೂ ಇಲ್ವಲ್ರೀ" ಎಂದಳು ಹೆಂಡತಿ.

"ಮುದ್ರೆ ಐತಲ್ಲೇ. ಒಂದು ಗೀರೂ ಇಲ್ಲ ಅಂದ್ಮೇಲೆ ಬೋಳು ಗರಿ ಯಾಕೆ ದಂಡ ಮಾಡೋದು ಅಂತ ಬಿಟ್ಟವ್ರೆ" ಎಂದ ಅಂಬಿಗ. ಹೊಳೆಯ ಕಡೆ ನೋಡಿದ. ಮೊಣಕಾಲುದ್ದದ ನೀರು. ಅವನು ಹೇಳಿದ್ದು ಸರಿಯೆಂದೇ ಇಬ್ಬರಿಗೂ ತೋರಿತು.

ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಎರಡು ತಿಂಗಳು ಖಾಲಿ ಕಟ್ಟು ಬಂತು, ಎರಡು ತಿಂಗಳೂ ಹೊಳೆ ತಣ್ಣಗಿತ್ತು. ಇಲ್ಲಿ ನನಗೆ ಬಹಳ ಆಶ್ಚರ್ಯವಾಗುವ ಸಂಗತಿ ಇದೆ. ಮೊದಲನೆಯ ದಿನವೇ ಅನಾಹುತವಾಗಿದ್ದರೆ ಯಾರಾದರೂ ಒಳಗೆ ಇಣುಕಿ ನೋಡುತ್ತಿದ್ದರು. ಏನೂ ಆಗದೆ ಇದ್ದದ್ದರಿಂದ ಖಾಲಿ ಕಟ್ಟಿಗೆ ಒಂದು ಅರ್ಥ ಬಂದುಬಿಟ್ಟಿತು. ಖಾಲಿ ಎಂದರೆ ಕ್ಷೇಮ. ಈ ಅರ್ಥವನ್ನು ಭಂಡಾರಿ ಹೇಳಿಕೊಟ್ಟಿರಲಿಲ್ಲ, ನಕಲುಗಾರನಿಗೆ ಅದರ ಸುಳಿವೂ ಇರಲಿಲ್ಲ. ಅಂಬಿಗನೇ ಅದನ್ನು ದಿನ ದಿನ ಕಲಿತದ್ದು.

ಮಳೆಗಾಲ ಶುರುವಾಗುವುದರೊಳಗೆ ಅದು ಅವನಿಗೆ ಚೆನ್ನಾಗಿ ಬಾಯಿಪಾಠವಾಗಿತ್ತು.

ಒಂದು ಸಂತೆಯ ದಿನ. ಊರಿನ ಮೇಲೆ ಮೋಡವಿಲ್ಲ. ಹೊಳೆ ಹುಟ್ಟುವ ದೂರದ ಬೆಟ್ಟದಲ್ಲಿ ಮೂರು ದಿನ ಮಳೆ ಸುರಿದದ್ದು ಯಾರಿಗೂ ಗೊತ್ತಿಲ್ಲ. ಅಂಬಿಗನ ಹೆಂಡತಿಗೆ ಮಾತ್ರ ಯಾಕೋ ಮನಸ್ಸು ತಡೆಯಿತು. ಹಿಂದಿನ ಸಂಜೆ ಹೊಳೆಯ ನೀರು ಸ್ವಲ್ಪ ಕೆಂಪಾಗಿ ಕಂಡಿತ್ತು. ಮುದ್ರೆ ಬಿದ್ದ ಕಟ್ಟು ಕೈಗೆ ಬಂದ ಮೇಲೂ ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ಒಳಗಿದ್ದ ನಕಲುಗಾರನನ್ನು ಕೂಗಿದಳು.

"ಸ್ವಾಮಿ, ಹೊಳೆ ಗ್ರಂಥದ್ದು ನಕಲು ಆಯ್ತಾ?"

"ಆಯ್ತು ತಾಯಿ."

"ಪೂರ್ತಿ ಆಯ್ತಾ?"

"ಇದ್ದಷ್ಟೂ ಆಯ್ತು. ಒಂದು ಗರೀನೂ ಬಿಟ್ಟಿಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳೆಲ್ಲಿದೆ ಹುಡುಕು, ಸಿಗುವುದಿಲ್ಲ. ಅವಳು ಇನ್ನೇನು ಕೇಳಬೇಕಿತ್ತು? ಕಿಟಕಿಯ ಹೊರಗೆ ನಿಂತವಳಿಗೆ ಅದಕ್ಕಿಂತ ಹೆಚ್ಚು ಕೇಳಲು ತೋಚುವುದಿಲ್ಲ. ಅವಳು ಕಟ್ಟು ಹಿಡಿದುಕೊಂಡು ಕಡವಿಗೆ ಹೋದಳು.

ಸಂತೆಗೆ ಹೊರಟ ಹನ್ನೊಂದು ಜನರನ್ನು ಹತ್ತಿಸಿಕೊಂಡು ಅಂಬಿಗ ಹರಿಗೋಲು ಬಿಟ್ಟ. ಆ ಹೊತ್ತಿನಲ್ಲಿ ಭಂಡಾರದ ಹಿಂಬದಿಯ ಕಿಟಕಿಯಿಂದ ಯಾರಾದರೂ ನೋಡಿದ್ದರೆ ಹದಿಮೂರು ಮೆಟ್ಟಿಲು ಮುಳುಗಿದ್ದು ಕಾಣುತ್ತಿತ್ತು. ಆ ಕಿಟಕಿ ತೆರೆದು ಎರಡು ತಿಂಗಳಾಗಿತ್ತು.

ನಡುಹೊಳೆಯಲ್ಲಿ ನೀರು ಬಂತು. ಅಂಬಿಗ ಹರಿಗೋಲನ್ನು ಒಂದು ಬಂಡೆಗೆ ತಾಗಿಸಿ ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಬಂಡೆ ಹತ್ತಿಸಿದ. ಹನ್ನೊಂದನೆಯವನು ಹತ್ತಿದ ಮೇಲೆ ಹರಿಗೋಲು ತಿರುಗಿತು. ಅಂಬಿಗನೂ ಅದರ ಜೊತೆ ಹೋದ. ಹೆಂಡತಿ ದಡದಲ್ಲಿ ನಿಂತು ಕೂಗುತ್ತಲೇ ಇದ್ದಳು. ಮೂರು ದಿನ ಹುಡುಕಿದರೂ ಅವನು ಸಿಗಲಿಲ್ಲ. ಈ ಕತೆಯನ್ನು ನಾನು ಎಷ್ಟು ಸಲ ಹೇಳಿದರೂ ಇಲ್ಲಿಗೆ ಬಂದಾಗ ನನಗೆ ಸಂಕಟವಾಗುತ್ತದೆ. ಅವನು ಅಜಾಗರೂಕನಾಗಿರಲಿಲ್ಲ. ದಿನಾ ಕೇಳಿಯೇ ಹೊರಡುತ್ತಿದ್ದ ಮನುಷ್ಯ.

ಪಾಳೆಯಗಾರ ವಿಚಾರಣೆಗೆ ಕೂತ. ವ್ಯಾಪಾರಿಯನ್ನೂ ಕರೆಸಿದ. ಒಳಗೇ ನಕಲು ಮಾಡಿ ಎಂದು ನಾನು ಕೇಳಿದ್ದು ನಿಜ, ಅದರಿಂದ ಸೀಮೆಗೆಲ್ಲ ಅನುಕೂಲವಾದದ್ದೂ ನಿಜ ಎಂದ ವ್ಯಾಪಾರಿ. ಎಲ್ಲರೂ ಹೌದೆಂದರು. ಕೇಳಿದಾಗ ಹುಟ್ಟುವ ಗರಿಯನ್ನು ಹಲಗೆಯ ಮೇಲೆ ಎಷ್ಟೆಂದು ಕೊರೆಯಲಿ, ಒಳಗೆ ಗರಿಯಿಲ್ಲ, ಇಲ್ಲವೆಂದು ಕೊರೆದೆ ಎಂದ ಭಂಡಾರಿ. ಅದೂ ಹೌದು. ಹಲಗೆಯ ಮೇಲೆ ಎಷ್ಟಿತ್ತೋ ಅಷ್ಟನ್ನೂ ತಪ್ಪಿಲ್ಲದೆ ನಕಲು ಮಾಡಿದ್ದೇನೆ, ಬೇಕಾದರೆ ಒಂದೊಂದು ಕಟ್ಟನ್ನೂ ತೆರೆದು ನೋಡಿ ಎಂದ ನಕಲುಗಾರ. ತೆರೆದು ನೋಡಿದರು. ಎಲ್ಲೂ ಒಂದಕ್ಷರ ತಪ್ಪಿರಲಿಲ್ಲ.

ಪಾಳೆಯಗಾರನಿಗೆ ದಿಕ್ಕು ತೋಚಲಿಲ್ಲ. ಎಲ್ಲರೂ ನಿಜ ಹೇಳಿದ್ದಾರೆ, ಒಬ್ಬ ಸತ್ತಿದ್ದಾನೆ. ಯಾರನ್ನು ಹಿಡಿಯುವುದು?

ಆಗ ಅಂಬಿಗನ ಹೆಂಡತಿ ಎದ್ದು ನಿಂತಳು. ಅವಳು ಅಳುತ್ತಿರಲಿಲ್ಲ, ಬೈಯಲೂ ಇಲ್ಲ. ತಿಳಿದುಕೊಳ್ಳದೆ ಅವಳಿಗೆ ನೆಮ್ಮದಿಯಿರಲಿಲ್ಲ. ನಕಲುಗಾರನನ್ನು ಒಂದೇ ಮಾತು ಕೇಳಿದಳು.

"ಸ್ವಾಮಿ, ದಿನಾ ನಂಗೆ ಆಯ್ತು ಅಂತಿದ್ರಲ್ಲ, ಏನು ನೋಡಿ ಅಂತಿದ್ರಿ?"

ನಕಲುಗಾರ ಸುಳ್ಳು ಹೇಳುವವನಲ್ಲ ಎಂದೆನಲ್ಲ.

"ಹಲಗೆ ನೋಡಿ, ತಾಯಿ" ಎಂದ. ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತ್ತು.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು. ಅವರು ಮುಂದೆ ಹೇಳುವ ಹಾಗೆ ಕಾಣಲಿಲ್ಲ.

"ಆಮೇಲೆ ಅವನನ್ನ ಓಡಿಸಿಬಿಟ್ರಾ ಸರ್? ಮತ್ತೆ ಹೊರಗೇ ಬರೆಯೋಕೆ ಶುರು ಮಾಡಿದ್ರಾ?"

"ಛೆ, ಅಷ್ಟು ಒಳ್ಳೇ ಕೆಲಸಗಾರನನ್ನ ಯಾರು ಬಿಡ್ತಾರೆ? ಒಳಗೇ ಇಟ್ಕೊಂಡ್ರು. ಪಾಳೆಯಗಾರ ಅವನಿಗೆ ಏನು ಶಿಕ್ಷೆ ಕೊಡಲಿ ಅಂತ ಅಂಬಿಗನ ಹೆಂಡತೀನೇ ಕೇಳಿದ. ಶಿಕ್ಷೆ ಬೇಡ ಬುದ್ಧಿ, ಅವರಿಗೆ ಇನ್ನೂ ಒಂದು ಮಾತು ಕಲಿಸಿ ಅಂದಳು. ಅವನಿಗೆ ಬರ್ತಿದ್ದದ್ದು 'ಆಯಿತು' ಅನ್ನೋ ಒಂದೇ ಮಾತು, ನೋಡು."

ಸಿಂಚನಾಳ ಕುತೂಹಲ ಇನ್ನೂ ಇಳಿದಿರಲಿಲ್ಲ. "ಯಾವ ಮಾತು ಸರ್?" ಎಂದಳು.

"'ಇದು ನನ್ನಿಂದಾಗದು, ಹೊರಗೇ ಒಂದೊಂದಾಗಿ ಕೇಳಿ ಬರ್ಕೊಳ್ಳಿ' ಅನ್ನೋ ಮಾತು, ನಿನ್ನ ಕಾಲ್‌ಗೆ ಅದು ಬರುತ್ತಾ?"

ಓದಿದಾಗಲೇ ಹುಟ್ಟುವ, ಉದ್ದ ಸೊನ್ನೆ ಎಂದು ಬರೆದಿರುವ ಫೈಲುಗಳು ಅವರ ಕರ್ನಲ್‌ನಲ್ಲೂ ಇದ್ದವು; ಸಿಂಚನಾ ತನ್ನ ಕೋಡನ್ನು ತೆರೆದು, ಉದ್ದವನ್ನಷ್ಟೇ ನೋಡಿ 'ಆಯಿತು' ಎನ್ನುವ ಸಾಲನ್ನು ಹುಡುಕತೊಡಗಿದಳು.